ಹಳ್ಳದ ಆಚೆ ದಡದಲ್ಲಿ ಯಾಕಿಲ್ಲ?

ಹೋದ ಸಂಚಿಕೆಯಲ್ಲಿ ಮರಜರಿಯ ಬಗ್ಗೆ, ಅಂದರೆ ಮರದ ಹಾಗೆ ಎತ್ತರಕ್ಕೆ ಬೆಳೆಯುವ ಜರೀಗಿಡದ (ಫರ್ನ್) ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ನಮ್ಮ ಮನೆ ಹಿಂದಿನ ಹಳ್ಳದಲ್ಲಿ ಒಂದು ಗಿಡ ಹೊಸ ಸುರುಳಿ ಬಿಟ್ಟಿದೆ ಅಂತ, ಅಷ್ಟೇ. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಮಲೆನಾಡಿನಿಂದ, ಕೊಡಗಿನಿಂದ, ಬೆಂಗಳೂರಿನಿಂದಲೂ ಬಂದಿವೆ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಇಟ್ಟುಕೊಂಡು, ಈ ಸಲದ ಪುಟವನ್ನೆಲ್ಲ ಮರಜರಿಗೇ ಕೊಟ್ಟಿದ್ದೇನೆ. ಮೂವತ್ತೊಂದು ವರ್ಷ ಸಸ್ಯಶಾಸ್ತ್ರ ಪಾಠ ಮಾಡಿದವಳಿಗೆ ಇದಕ್ಕಿಂತ ಖುಷಿ ಬೇರೆ ಏನಿದೆ?

ಪ್ರಶ್ನೆ: ನಮ್ಮ ತೋಟದ ಮೇಲಿನ ಕಾನಿನಲ್ಲಿ ಬೈನೆಯಂಥ ಒಂದು ಗಿಡ ಇದೆ. ಎಲೆಯ ದಂಟು ಕರ್ರಗೆ. ತಲೆಯ ಮೇಲೆ ಕೊಡೆ ಬಿಚ್ಚಿದ ಹಾಗೆ ಎಲೆಗಳು. ಇಷ್ಟು ವರ್ಷದಲ್ಲಿ ಹೂವು, ಕಾಯಿ ನೋಡಿಲ್ಲ. ಇದು ಮರಜರಿಯೋ, ಬೈನೆಯ ಜಾತಿಯದೋ?
(ಹೊಸನಗರದ ಓದುಗರು)

ಉತ್ತರ: ಹೊಸ ಎಲೆ ಬರುವಾಗ ಒಮ್ಮೆ ಹೋಗಿ ನೋಡಿ. ಬೈನೆ ತೆಂಗು, ಅಡಿಕೆಯ ಬಳಗದ ಮರ. ಅದರ ಎಳೆ ಎಲೆ ಈಟಿಯ ಹಾಗೆ ನೆಟ್ಟಗೆ ಮೇಲೆ ಬರುತ್ತದೆ. ಮರಜರಿಯದು ಸುರುಳಿ ಸುತ್ತಿಕೊಂಡೇ ಹುಟ್ಟುತ್ತದೆ, ಚಕ್ಕುಲಿ ಸುತ್ತಿದ ಹಾಗೆ. ಮೈತುಂಬ ಕಂದು ಹೊಟ್ಟು. ದಿನ ಹೋದ ಹಾಗೆ ಒಂದೊಂದೇ ಸುತ್ತು ಬಿಚ್ಚಿಕೊಳ್ಳುತ್ತದೆ. ಇನ್ನೊಂದು ಗುರುತು ಬಲಿತ ಎಲೆಯ ಅಡಿಯಲ್ಲಿದೆ. ಸಾಸಿವೆಗಿಂತ ಚಿಕ್ಕ ಕಂದು ಚುಕ್ಕೆಗಳು ಸಾಲಾಗಿ ಕಂಡರೆ ಅನುಮಾನವೇ ಬೇಡ. ಹೂವು, ಕಾಯಿ ನೋಡಿಲ್ಲ ಅಂದಿರಿ. ಜರೀಗಿಡಕ್ಕೆ ಅವು ಇಲ್ಲವೇ ಇಲ್ಲ. ಆ ಚುಕ್ಕೆಗಳಲ್ಲಿರುವ ಬೀಜಕದ ಧೂಳಿನಿಂದಲೇ ಅದರ ಸಂತಾನ.

ಗುರುತು ಸಿಕ್ಕಿದ ಮೇಲೆ ದಂಟಿನ ಬುಡವನ್ನು ನಿಧಾನವಾಗಿ ಮುಟ್ಟಿ ನೋಡಿ. ಚೂಪು ಮುಳ್ಳುಗಳಿದ್ದರೆ ಅದು ಅಲ್ಸೊಫಿಲಾ ಸ್ಪಿನ್ಯುಲೋಸಾ. ಮುಳ್ಳಿಲ್ಲದೆ ಬರೀ ಒರಟಾಗಿ ಕರ್ರಗೆ ಇದ್ದರೆ ಅಲ್ಸೊಫಿಲಾ ಜೈಗಾಂಟಿಯಾ. ಹಳೆಯ ಪುಸ್ತಕಗಳಲ್ಲಿ ಎರಡೂ ಸಯಾಥಿಯಾ ಎಂಬ ಹೆಸರಲ್ಲಿ ಸಿಗುತ್ತವೆ. ನಿಮ್ಮದು ಎರಡನೆಯದು ಅಂತ ನನ್ನ ಅಂದಾಜು.

ಮರ ಅಂತ ಕರೆದರೂ ಅದರೊಳಗೆ ಮರ ಇಲ್ಲ. ಹಲಸು, ಹೊನ್ನೆಗಳ ಕಾಂಡ ವರ್ಷವರ್ಷಕ್ಕೆ ದಪ್ಪವಾಗುತ್ತದೆ. ಮರಜರಿಯ ಕಾಂಡಕ್ಕೆ ಆ ಶಕ್ತಿ ಇಲ್ಲ. ಬುಡ ದಪ್ಪಗೆ ಕಾಣುವುದು ಬೇರುಗಳಿಂದ. ಕಾಂಡದಿಂದ ಹೊರಟ ತೆಳ್ಳನೆಯ ಕಪ್ಪು ಬೇರುಗಳು ಒಂದರ ಮೇಲೊಂದು ಹೆಣೆದುಕೊಂಡು ಕೆಳಗಿಳಿದು, ಕಂಬಳಿ ಹೊದಿಸಿದ ಹಾಗೆ ಗಿಡವನ್ನು ಎತ್ತಿ ಹಿಡಿಯುತ್ತವೆ. ಕಾಂಡದಲ್ಲಿ ಉಂಗುರಗಳಿಲ್ಲವಾದ್ದರಿಂದ ಎಣಿಸಿ ವಯಸ್ಸು ಹೇಳಲು ಆಗುವುದಿಲ್ಲ. ನಮ್ಮ ಹಳ್ಳದ ಗಿಡವನ್ನು ನಾನು 2009ರಿಂದ ನೋಡುತ್ತಿದ್ದೇನೆ. ಆಗ ಅದರ ನೆತ್ತಿ ನನ್ನ ಸೊಂಟಕ್ಕೆ ಬರುತ್ತಿತ್ತು. ಈಗ ಕೈ ಎತ್ತಿದರೆ ಬೆರಳ ತುದಿ ತಾಗುತ್ತದೆ.

ಪ್ರಶ್ನೆ: ನಮ್ಮ ಜಮೀನಿನಲ್ಲಿ ಒಂದು ಹಳ್ಳ ಹರಿಯುತ್ತದೆ. ಅದರ ಒಂದು ದಡದಲ್ಲಿ ಏಳು ಮರಜರಿ ಇವೆ. ಎದುರು ದಡದಲ್ಲಿ ಒಂದೂ ಇಲ್ಲ. ನಡುವೆ ಇರುವುದು ಹತ್ತು ಹೆಜ್ಜೆ. ಮಣ್ಣು ಒಂದೇ, ಮಳೆ ಒಂದೇ. ನನ್ನ ಅಪ್ಪನ ಕಾಲದಿಂದಲೂ ಹೀಗೇ ಇದೆ. ಯಾಕೆ?
(ಶೃಂಗೇರಿ ಕಡೆಯ ಅಡಿಕೆ ಬೆಳೆಗಾರರು)

ಉತ್ತರ: ಇಂಥ ಪ್ರಶ್ನೆ ಕೇಳುವವರು ಸಿಕ್ಕರೆ ನನಗೆ ಹಬ್ಬ. ನಿಮ್ಮ ಹತ್ತು ಹೆಜ್ಜೆಯಲ್ಲಿ ಇಡೀ ಪ್ರಪಂಚದ ಮರಜರಿಗಳ ಕಥೆ ಇದೆ. ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಬೀಜ ಆಚೆ ದಡಕ್ಕೆ ಹೋಗಿಲ್ಲ ಅಂತ ಮೊದಲು ಅನ್ನಿಸುತ್ತದೆ, ಅಲ್ವಾ? ಅದು ಕಾರಣ ಅಲ್ಲ. ಬೀಜಕ ಅಂದರೆ ಕಣ್ಣಿಗೆ ಬಿಡಿಯಾಗಿ ಕಾಣದಷ್ಟು ಸಣ್ಣ ಧೂಳು. ಒಣಹವೆಯಲ್ಲಿ ಅದರ ಚೀಲ ಕವಣೆಯ ಹಾಗೆ ಸಿಡಿದು ಧೂಳನ್ನು ಗಾಳಿಗೆ ಎಸೆಯುತ್ತದೆ. ಒಂದು ದೊಡ್ಡ ಗಿಡ ವರ್ಷಕ್ಕೆ ಕೋಟಿಗಟ್ಟಲೆ ಬೀಜಕ ಬಿಡುತ್ತದೆ. ಜರೀಗಿಡದ ಬೀಜಕಕ್ಕೆ ಸಮುದ್ರವೂ ದೊಡ್ಡ ಅಡ್ಡಿಯಲ್ಲ. 1883ರಲ್ಲಿ ಇಂಡೊನೇಷ್ಯಾದ ಕ್ರಾಕಟೋವಾ ಜ್ವಾಲಾಮುಖಿ ಸಿಡಿದು ದ್ವೀಪವೇ ಬೂದಿಯಲ್ಲಿ ಮುಚ್ಚಿಹೋಯಿತು. ಮೂರು ವರ್ಷದ ಮೇಲೆ, 1886ರಲ್ಲಿ, ಮೆಲ್ಕಿಯೋರ್ ಟ್ರೂಬ್ ಎಂಬ ಸಸ್ಯವಿಜ್ಞಾನಿ ಅಲ್ಲಿಗೆ ಹೋದರು. ಆ ಬೂದಿಯ ಮೇಲೆ ಅವರಿಗೆ 11 ಜಾತಿಯ ಜರೀಗಿಡಗಳು ಸಿಕ್ಕವು. ಅವು ಮರಜರಿಗಳಲ್ಲ, ನೆಲದ ಜರಿಗಳು. ಆದರೆ ಹತ್ತಾರು ಕಿಲೋಮೀಟರ್ ಸಮುದ್ರ ದಾಟಿ ಬಂದದ್ದು ಇದೇ ರೀತಿಯ ಧೂಳು. ಹೀಗಿರುವಾಗ ನಿಮ್ಮ ಹಳ್ಳ ಯಾವ ಲೆಕ್ಕ? ಎದುರು ದಡದ ಮೇಲೆ ಪ್ರತಿ ವರ್ಷವೂ ಬೀಜಕ ಬೀಳುತ್ತಲೇ ಇದೆ. ಬಿದ್ದದ್ದು ಬದುಕುತ್ತಿಲ್ಲ.

ಯಾಕೆ ಬದುಕುವುದಿಲ್ಲ ಅಂದರೆ, ಮರಜರಿ ಎರಡು ಸಲ ಹುಟ್ಟಬೇಕು. ಬೀಜಕ ಮೊಳೆತು ನೇರವಾಗಿ ಮರಜರಿ ಆಗುವುದಿಲ್ಲ. ಮೊದಲು ಉಗುರಿಗಿಂತ ಚಿಕ್ಕದಾದ, ಹೃದಯದ ಆಕಾರದ ಒಂದು ಹಸಿರು ಪೊರೆ ಆಗುತ್ತದೆ. ಅದು ನೆಲಕ್ಕೆ ಅಂಟಿಕೊಂಡೇ ಇರುತ್ತದೆ. ಅದಕ್ಕೆ ಕಾಂಡ ಇಲ್ಲ, ನಿಜವಾದ ಬೇರೂ ಇಲ್ಲ. ಆ ಪೊರೆಯ ಅಡಿಯಲ್ಲಿ ಗಂಡು ಕಣ ಈಜಿಕೊಂಡು ಹೋಗಿ ಹೆಣ್ಣು ಕಣವನ್ನು ಸೇರಬೇಕು. ಈಜುತ್ತದೆ ಅಂತ ನಿಜವಾಗಿಯೇ ಹೇಳುತ್ತಿದ್ದೇನೆ. ಅದಕ್ಕೆ ನೀರಿನ ಒಂದು ತೆಳ್ಳನೆಯ ಪದರ ಬೇಕು. ಸೇರಿದ ಮೇಲೆಯೇ ನಾವು ಕಾಣುವ ಮರಜರಿಯ ಸಸಿ ತಲೆ ಎತ್ತುವುದು. ಅಲ್ಲಿಯವರೆಗಿನ ತಿಂಗಳುಗಳಲ್ಲಿ ಒಂದು ವಾರ ಮಣ್ಣು ಪೂರ್ತಿ ಒಣಗಿದರೆ ಆ ಪೊರೆಯ ಕಥೆ ಮುಗಿಯಿತು. ಮೇಲಿಂದ ದರಗು ಬಿದ್ದು ಮುಚ್ಚಿಕೊಂಡರೂ ಮುಗಿಯಿತು. ಅದಕ್ಕೇ ಮರಜರಿಯ ಮರಿಗಳು ದಟ್ಟ ಕಾಡಿನ ದರಗಿನ ನಡುವೆ ಕಾಣುವುದು ಕಡಿಮೆ. ಅವು ಬರುವುದು ಹಳ್ಳದ ಕಡಿದಾದ ದಡದಲ್ಲಿ, ಕುಸಿದ ಧರೆಯಲ್ಲಿ, ಬಿದ್ದ ಮರದ ಬುಡದ ಬರೀ ಮಣ್ಣಿನಲ್ಲಿ.

ಈಗ ನಿಮ್ಮ ಹಳ್ಳಕ್ಕೆ ಬರೋಣ. ಕಾಗದ ಓದಿದ ಮೇಲೆ ನಿಮಗೆ ಫೋನ್ ಮಾಡಿ ಕೇಳಿದೆನಲ್ಲ, ನೀರು ಯಾವ ದಿಕ್ಕಿಗೆ ಹರಿಯುತ್ತದೆ ಅಂತ. ಪಶ್ಚಿಮಕ್ಕೆ ಅಂದಿರಿ. ಗಿಡಗಳಿರುವುದು ಹಳ್ಳದ ದಕ್ಷಿಣದ ಕಡೆ. ಅಂದರೆ ಆ ಇಳಿಜಾರಿನ ಮುಖ ಉತ್ತರಕ್ಕೆ. ನಮ್ಮ ಕಡೆ ಸೆಪ್ಟೆಂಬರ್ ಕೊನೆಯಿಂದ ಏಪ್ರಿಲ್ ಕೊನೆಯವರೆಗೆ ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ವಾಲಿಕೊಂಡೇ ಇರುತ್ತಾನೆ. ಮಳೆ ಇಲ್ಲದ ತಿಂಗಳುಗಳೂ ಹೆಚ್ಚುಕಡಿಮೆ ಅವೇ. ಗಿಡ ಇರುವ ದಡಕ್ಕೆ ಆ ಕಾಲದಲ್ಲಿ ತನ್ನ ಗುಡ್ಡದ್ದೇ ನೆರಳು. ಎದುರು ದಡ ಬಿಸಿಲಿಗೆ ಮುಖ ಕೊಟ್ಟು ಕೂತಿದೆ. ಜೊತೆಗೆ ಆ ಕಡೆ ಇರುವುದು ಸೊಪ್ಪಿನ ಬೆಟ್ಟ, ತೋಟಕ್ಕೆ ಸೊಪ್ಪು ಅಂತ ಕೊಂಬೆ ಕಡಿಯುತ್ತ ಬಂದಿದ್ದೀರಿ. ಇದ್ದ ನೆರಳೂ ತೆಳುವಾಗಿದೆ.

ಮಾರ್ಚ್‌ನಲ್ಲಿ ಎರಡೂ ದಡದ ಮಣ್ಣನ್ನು ಬೆರಳಲ್ಲಿ ಒತ್ತಿ ನೋಡಿ ಅಂತ ಹೇಳಿದ್ದೆ. ನೀವು ನೋಡಿದಿರಿ. ಗಿಡದ ಕಡೆಯ ಮಣ್ಣು ಬೆರಳಿಗೆ ಅಂಟಿತು, ಆಚೆಯದು ಪುಡಿಯಾಗಿ ಉದುರಿತು ಅಂದಿರಿ. ನನ್ನ ಉತ್ತರ ಅಷ್ಟೇ. ಮಳೆ ಒಂದೇ ಇರಬಹುದು, ಆದರೆ ಮಾರ್ಚ್ ತಿಂಗಳು ಎರಡೂ ದಡಕ್ಕೆ ಒಂದೇ ಅಲ್ಲ.

ಇದೇ ಲೆಕ್ಕ ದೂರದಲ್ಲೂ ನಡೆಯುತ್ತದೆ. ಮಧ್ಯಪ್ರದೇಶದ ಪಚ್‌ಮಡಿಯ ಸುತ್ತ ಬೇಸಿಗೆಯಲ್ಲಿ ಎಲೆ ಉದುರಿಸುವ ಒಣಕಾಡು. ಆದರೆ ಅಲ್ಲಿನ ಆಳವಾದ ಕಣಿವೆಗಳ ತಳದಲ್ಲಿ ಮರಜರಿಗಳಿವೆ. ಛತ್ತೀಸಗಡದ ಬೈಲಾಡಿಲಾ ಬೆಟ್ಟದ ತೊರೆಗಳಲ್ಲೂ ಇವೆ. ಸುತ್ತಲಿನ ಊರು ಕಾದು ಕೆಂಪಾದರೂ ಆ ಕಣಿವೆಯ ತಳಕ್ಕೆ ಬಿಸಿಲು ಇಳಿಯುವುದಿಲ್ಲ, ನೀರು ಬತ್ತುವುದಿಲ್ಲ.

ಪ್ರಶ್ನೆ: ಆಂಟಿ, ನ್ಯೂಜಿಲೆಂಡ್ ಕ್ರಿಕೆಟ್ ಟೀಮಿನ ಟೋಪಿ ಮೇಲೆ ಇರುವ ಎಲೆ ಮರಜರಿಯದ್ದು ಅಂತ ನಮ್ಮ ಅಣ್ಣ ಹೇಳಿದ. ನಿಜಾನಾ?
(ಮೈಸೂರಿನ ಆರನೇ ಕ್ಲಾಸಿನ ಹುಡುಗ)

ಉತ್ತರ: ನಿಜ ಮರಿ, ನಿನ್ನ ಅಣ್ಣ ಸರಿಯಾಗಿ ಹೇಳಿದ್ದಾನೆ. ಅದು ಬೆಳ್ಳಿ ಜರಿ. ಅಲ್ಲಿಯ ಮಾವೊರಿ ಜನ ಅದನ್ನು ಪೊಂಗಾ ಅನ್ನುತ್ತಾರೆ. ಎಲೆಯ ಮೇಲ್ಭಾಗ ಹಸಿರು, ಅಡಿಭಾಗ ಬೆಳ್ಳಿಯ ಹಾಗೆ ಬಿಳಿ. ಹಿಂದೆ ರಾತ್ರಿ ಕಾಡಿನಲ್ಲಿ ಹೋಗುವವರು ಎಲೆಯನ್ನು ಮಗುಚಿ ಇಟ್ಟು ಹೋಗುತ್ತಿದ್ದರಂತೆ. ಬೆಳದಿಂಗಳಲ್ಲಿ ಅದು ಹೊಳೆದು ವಾಪಸ್ ಬರುವಾಗ ದಾರಿ ತೋರಿಸುತ್ತಿತ್ತಂತೆ. ಅದೇ ದೇಶದಲ್ಲಿ ಮಮಾಕು ಅಂತ ಇನ್ನೊಂದು ಮರಜರಿ ಇದೆ. ಅದು 20 ಮೀಟರ್‌ವರೆಗೂ ಬೆಳೆಯುತ್ತದೆ. ನಿಮ್ಮ ಮನೆ ಹತ್ತಿರ ಆರು ಮಹಡಿಯ ಕಟ್ಟಡ ಇದ್ದರೆ ತಲೆ ಎತ್ತಿ ನೋಡು, ಹತ್ತಿರ ಹತ್ತಿರ ಅಷ್ಟೆತ್ತರ.

ಪ್ರಶ್ನೆ: ಮರಜರಿಗಳು ಉಷ್ಣವಲಯದ ಮಳೆಬೆಟ್ಟಗಳಲ್ಲಿ ಜಾಸ್ತಿ ಅಂತ ಪಠ್ಯದಲ್ಲಿದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬರುತ್ತದೆ. ಆದರೂ ನಮ್ಮಲ್ಲಿ ಒಂದೆರಡೇ ಜಾತಿ ಯಾಕೆ ಮೇಡಂ?
(ಶಿವಮೊಗ್ಗದ ಬಿಎಸ್ಸಿ ವಿದ್ಯಾರ್ಥಿನಿ)

ಉತ್ತರ: ಆಗುಂಬೆಯ ಮಳೆಯನ್ನು ಮಿಲಿಮೀಟರ್‌ನಲ್ಲಿ ಅಳೆಯುವುದನ್ನು ಸ್ವಲ್ಪ ಹೊತ್ತು ಬಿಡಮ್ಮ. ತಿಂಗಳಲ್ಲಿ ಅಳೆ. ಆ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಹೆಚ್ಚುಕಡಿಮೆ ಏನೂ ಇಲ್ಲ. ಮೇಲಿನ ಉತ್ತರದಲ್ಲಿ ಹೇಳಿದ ಆ ಹಸಿರು ಪೊರೆಗೆ ಜುಲೈಯಲ್ಲಿ ಹೊಳೆ ಉಕ್ಕಿದರೆ ಏನೂ ಉಪಯೋಗವಿಲ್ಲ. ಫೆಬ್ರವರಿಯಲ್ಲಿ ಏನಿದೆ ಅನ್ನುವುದೇ ಅದಕ್ಕೆ ಮುಖ್ಯ.

ಪ್ರಪಂಚದಲ್ಲಿ ಮರಜರಿಗಳು 600ಕ್ಕೂ ಹೆಚ್ಚು ಜಾತಿ ಇವೆ. ಅವುಗಳ ದೊಡ್ಡ ಮನೆಗಳು ದಕ್ಷಿಣ ಅಮೆರಿಕದ ಆಂಡೀಸ್, ಮಧ್ಯ ಅಮೆರಿಕದ ಬೆಟ್ಟಗಳು, ಮಡಗಾಸ್ಕರ್, ಬೋರ್ನಿಯೊ, ನ್ಯೂಗಿನಿ. ಆ ಜಾಗಗಳಲ್ಲಿ ಸಾಮಾನ್ಯವಾಗಿ ಸಮುದ್ರಮಟ್ಟದಿಂದ ಒಂದು ಸಾವಿರ ಮೀಟರ್ ದಾಟಿದ ಮೇಲೆ ಮೋಡದ ಕಾಡು ಶುರುವಾಗುತ್ತದೆ. ಅಲ್ಲಿ ಮೋಡ ಬರೀ ಮೇಲೆ ಹಾದು ಹೋಗುವುದಿಲ್ಲ, ಮರಗಳ ನಡುವೆಯೇ ನಡೆದಾಡುತ್ತದೆ. ಮಳೆ ಬಾರದ ದಿನವೂ ಎಲೆಯ ತುದಿಯಿಂದ ನೀರು ತೊಟ್ಟಿಕ್ಕುತ್ತದೆ. ವರ್ಷವಿಡೀ ಹೀಗೆ. ಬೆಟ್ಟದ ಬುಡಕ್ಕೆ ಇಳಿದರೆ ಸೆಕೆ, ಒಣಗಾಳಿ. ತೀರಾ ಮೇಲೆ ಹತ್ತಿದರೆ ಚಳಿ, ಹಿಮ. ಹಾಗಾಗಿ ಜರೀಗಿಡಗಳ ಬಗೆಗಳು ಬೆಟ್ಟದ ನಡುಸೊಂಟದಲ್ಲಿ ಅತಿ ಹೆಚ್ಚು.

ಆ ಬೆಟ್ಟಗಳು ಇನ್ನೊಂದು ಕೆಲಸವನ್ನೂ ಮಾಡುತ್ತವೆ. ಒಂದು ಸಾಲಿಗೂ ಇನ್ನೊಂದಕ್ಕೂ ನಡುವೆ ಆಳವಾದ ಒಣಕಣಿವೆ ಇದ್ದರೆ ಎರಡೂ ತುದಿಗಳು ದ್ವೀಪಗಳ ಹಾಗೆ ಆಗುತ್ತವೆ. ಬೀಜಕ ಹಾರಿ ಬರುವುದು ನಿಜ. ಆದರೆ ಬಂದದ್ದರಲ್ಲಿ ಬದುಕುವುದು ಅಪರೂಪಕ್ಕೊಂದು. ಬದುಕಿದ ಆ ಒಂದೆರಡು ಲಕ್ಷಾಂತರ ವರ್ಷ ತಮ್ಮ ಪಾಡಿಗೆ ಬೆಳೆದು ಬೇರೆಯೇ ಜಾತಿ ಆಗುತ್ತವೆ. ಆಂಡೀಸ್‌ನಲ್ಲಿ ಒಂದೇ ಬೆಟ್ಟಸಾಲಿನಲ್ಲಿ ಮಾತ್ರ ಸಿಗುವ ಮರಜರಿಗಳಿರುವುದು ಹೀಗೆ.

ನಮ್ಮ ಘಟ್ಟಕ್ಕೆ ಬಾ. ಕರ್ನಾಟಕದಲ್ಲಿ ಅತಿ ಎತ್ತರದ ಮುಳ್ಳಯ್ಯನಗಿರಿಯೇ ಸುಮಾರು 1930 ಮೀಟರ್. ಅದರ ನೆತ್ತಿಯ ಮೇಲೆ ಹುಲ್ಲು. ಕಾಡು ಇರುವುದು ಗುಡ್ಡದ ಮಡಿಕೆಗಳಲ್ಲಿ, ಶೋಲೆಗಳಲ್ಲಿ. ಮೋಡ ಬಂದು ಕೂರುವುದು ಮಳೆಗಾಲದಲ್ಲಿ ಮಾತ್ರ. ಘಟ್ಟದಲ್ಲಿ ಉತ್ತರಕ್ಕೆ ಹೋದಷ್ಟೂ ಒಣ ತಿಂಗಳುಗಳು ಹೆಚ್ಚುತ್ತವೆ, ದಕ್ಷಿಣಕ್ಕೆ ಹೋದಷ್ಟೂ ಕಡಿಮೆ. ನೀಲಗಿರಿ, ಪಳನಿ, ಆನೆಮಲೆಗಳು 2500 ಮೀಟರ್ ದಾಟುತ್ತವೆ. ಅಲ್ಲಿಗೆ ಹಿಂಗಾರು ಮಳೆಯೂ ಬರುತ್ತದೆ. ಆ ಕಡೆಯ ಬೆಟ್ಟಗಳಲ್ಲಿ ಇನ್ನೂ ಎರಡು ಜಾತಿ ಸೇರಿಕೊಳ್ಳುತ್ತವೆ. ಒಂದು ನೀಲಗಿರಿಯ ಹೆಸರಿನದೇ, ನೀಲಗಿರೆನ್ಸಿಸ್. ದಕ್ಷಿಣ ಭಾರತ ಬಿಟ್ಟರೆ ಬೇರೆಲ್ಲೂ ಇಲ್ಲ. ಇನ್ನೊಂದು ಕ್ರಿನಿಟಾ. ಎತ್ತರದ ಶೋಲೆಗಳ ಗಿಡ, ತುಂಬಾ ಅಪರೂಪ. ಅದು ನಮ್ಮನ್ನು ಬಿಟ್ಟರೆ ಶ್ರೀಲಂಕಾದ ಬೆಟ್ಟಗಳಲ್ಲಿ ಮಾತ್ರ ಇದೆ. ಕ್ರಿನಿಟಾ ಅಂದರೆ ಕೂದಲುಳ್ಳದ್ದು. ಅದರ ಸುರುಳಿಯ ಮೇಲಿನ ಉದ್ದನೆಯ ತಿಳಿ ಕೂದಲನ್ನು ಕೊಡೈಕನಾಲ್ ಹತ್ತಿರ ಒಮ್ಮೆ ಕಣ್ಣಾರೆ ನೋಡಿದೆ. ಮಂಜು ಅದರ ಮೇಲೆ ಮಣಿಮಣಿಯಾಗಿ ಕೂತಿತ್ತು. ಜೊತೆಗಿದ್ದ ಮಕ್ಕಳೆಲ್ಲ ಸುಮ್ಮನೆ ನಿಂತುಬಿಟ್ಟರು.

ಪರೀಕ್ಷೆಗೆ ಬರಲಿ ಬಿಡಲಿ, ಇದನ್ನೂ ತಿಳಿದುಕೋ. ಮನುಷ್ಯರಲ್ಲಿ ವರ್ಣತಂತುಗಳು 23 ಜೊತೆ. ಈ ಮರಜರಿಗಳಲ್ಲಿ 69 ಜೊತೆ. ಸ್ಪಿನ್ಯುಲೋಸಾದ ಪೂರ್ತಿ ಜೀನೋಮನ್ನು ಚೀನಾದ ವಿಜ್ಞಾನಿಗಳು ಓದಿ 2022ರಲ್ಲಿ ಪ್ರಕಟಿಸಿದ್ದಾರೆ. ನಮ್ಮ ಘಟ್ಟದ ಹಳ್ಳದಲ್ಲಿರುವ ಗಿಡವೇ ಅದು.

ಪ್ರಶ್ನೆ: ನಮ್ಮ ಹೋಂಸ್ಟೇ ಪಕ್ಕದ ತೋಡಿನಲ್ಲಿ ದೊಡ್ಡ ಮರಜರಿ ಇದೆ. ಒಣಗಿದ ಎಲೆಗಳು ಜೋತುಬಿದ್ದು ಚೆನ್ನಾಗಿ ಕಾಣುವುದಿಲ್ಲ ಅಂತ ಬಂದವರು ಹೇಳುತ್ತಾರೆ. ಕತ್ತರಿಸಬಹುದಾ? ಇನ್ನೊಂದು, ಅದರ ಎಳೆ ಸುರುಳಿಯಲ್ಲಿ ಥೆರ್ಮೆ ತೊಪ್ಪಿನ ಹಾಗೆ ಪಲ್ಯ ಮಾಡಬಹುದಾ?
(ಮಡಿಕೇರಿ ಹತ್ತಿರದ ಗೃಹಿಣಿ)

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರ. ದಯವಿಟ್ಟು ಬೇಡ. ಥೆರ್ಮೆ ಬೇರೆ ಜರಿ. ಅದು ನೆಲದಲ್ಲಿ ಹಬ್ಬುತ್ತದೆ, ಚಿವುಟಿದಷ್ಟೂ ಮತ್ತೆ ಬರುತ್ತದೆ. ಮರಜರಿಗೆ ಸಾಮಾನ್ಯವಾಗಿ ಬೆಳೆಯುವ ತುದಿ ಒಂದೇ. ನೆತ್ತಿಗೆ ಪೆಟ್ಟಾದರೆ ಗಿಡವೇ ಹೋಗುತ್ತದೆ, ತೆಂಗಿನ ಸುಳಿ ಹೋದ ಹಾಗೆ.

ಒಣ ಎಲೆಗಳನ್ನೂ ಹಾಗೇ ಬಿಡಿ. ಕಾಂಡದ ಸುತ್ತ ಲಂಗದ ಹಾಗೆ ಜೋತುಬಿದ್ದ ಆ ಎಲೆಗಳು ಬಳ್ಳಿಗಳನ್ನು ಮೇಲೆ ಹತ್ತದಂತೆ ತಡೆಯುತ್ತವೆ ಅನ್ನುವ ವಿಜ್ಞಾನಿಗಳಿದ್ದಾರೆ. ಪನಾಮಾದ ಫೋರ್ಚುನಾ ಕಾಡಿನಲ್ಲಿ ಇನ್ನೂ ಅಚ್ಚರಿಯ ಸಂಗತಿ ಸಿಕ್ಕಿದೆ. ಅಲ್ಲಿನ ಸಯಾಥಿಯಾ ರೋಹಾಸಿಯಾನಾ ಎಂಬ ಮರಜರಿಯ ಎಲೆ ಒಣಗಿ ಬಾಗಿ ನೆಲ ಮುಟ್ಟಿದ ಮೇಲೆ, ಅದರ ದಂಟು ಬೇರಿನ ಕೆಲಸಕ್ಕೆ ಇಳಿಯುತ್ತದೆ. ಮಣ್ಣು ತಾಗಿದ ತುದಿಯಲ್ಲಿ ಹೊಸ ಬೇರು ಬಿಟ್ಟು ಸಾರವನ್ನು ಹೀರಿ ಮೇಲಕ್ಕೆ ಕಳಿಸುತ್ತದೆ. ಜೇಮ್ಸ್ ಡಾಲಿಂಗ್ ಮತ್ತು ಜೊತೆಗಾರರು 2024ರಲ್ಲಿ ಇದನ್ನು ಪ್ರಕಟಿಸಿದರು. ಬಂದ ಅತಿಥಿಗಳಿಗೆ ಈ ಕಥೆ ಹೇಳಿ. ಆ ಒಣ ಎಲೆಗಳನ್ನೇ ಬಗ್ಗಿ ನೋಡುತ್ತಾರೆ.

ಪ್ರಶ್ನೆ: ಬೆಂಗಳೂರಿನ ಟೆರೇಸಿನಲ್ಲಿ ಮರಜರಿ ಬೆಳೆಸಬಹುದೇ? ಆರ್ಕಿಡ್ ಕಟ್ಟಲು ಮರಜರಿಯ ಕಾಂಡದ ತುಂಡು ಒಳ್ಳೆಯದು ಅನ್ನುತ್ತಾರೆ, ಅದು ಎಲ್ಲಿ ಸಿಗುತ್ತದೆ?
(ಜಯನಗರದ ಓದುಗರು)

ಉತ್ತರ: ಟೆರೇಸಿನ ಬಿಸಿಲು, ಒಣಗಾಳಿ ಎರಡೂ ಅದಕ್ಕೆ ಆಗದು. ಕಾಂಡದ ತುಂಡು ಎಲ್ಲಿ ಸಿಗುತ್ತದೆ ಅಂತ ನಾನು ಹೇಳುವುದಿಲ್ಲ. ಒಂದು ತುಂಡು ಅಂದರೆ ಹತ್ತಾರು ವರ್ಷ ನಿಂತ ಒಂದು ಗಿಡ. ಬ್ರೆಜಿಲ್‌ನಲ್ಲಿ ಡಿಕ್ಸೋನಿಯಾ ಎಂಬ ಮರಜರಿಯ ಕಾಂಡ ಕೊರೆದು ಹೂಕುಂಡ ಮಾಡುತ್ತಿದ್ದರು. ಅದಕ್ಕೆ ಶಷಿಂ ಅಂತ ಹೆಸರು. ಮನೆಮನೆಯಲ್ಲೂ ಶಷಿಂ ಆಗಿ ಕಾಡಿನಲ್ಲಿ ಗಿಡವೇ ಅಪರೂಪವಾಯಿತು. 2001ರಲ್ಲಿ ಕಡಿಯುವುದನ್ನು ನಿಷೇಧಿಸಬೇಕಾಯಿತು. ಈಗ ಅಲ್ಲಿ ಅದರ ಬದಲು ಬಳಸುವುದು ತೆಂಗಿನ ನಾರು. ನಮಗೆ ಅದಕ್ಕೇನು ಬರ? ನಾರಿನ ಹಲಗೆಗೆ ಆರ್ಕಿಡ್ ಕಟ್ಟಿ, ಚೆನ್ನಾಗಿಯೇ ಬೇರು ಹಿಡಿಯುತ್ತದೆ.

ಪ್ರಶ್ನೆ: ನಮ್ಮೂರ ರಸ್ತೆ ಅಗಲ ಮಾಡುವಾಗ ಜೆಸಿಬಿ ತಂದು ಧರೆ ಕಡಿದರು. ಅಲ್ಲಿ ಮೂರು ಮರಜರಿ ಇದ್ದವು. ಶಾಲೆಗೆ ಹೋಗುವಾಗ ನಾನು, ನನ್ನ ತಂಗಿ ಅವುಗಳ ಅಡಿಯಲ್ಲಿ ಮಳೆಗೆ ನಿಲ್ಲುತ್ತಿದ್ದೆವು. ಈಗ ಬರೀ ಕೆಂಪು ಮಣ್ಣು. ಮತ್ತೆ ಬರುತ್ತವೆಯೇ?
(ತೀರ್ಥಹಳ್ಳಿ ತಾಲೂಕಿನ ಓದುಗರು)

ಉತ್ತರ: ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಆ ಮೂರು ಗಿಡ ವಾಪಸ್ ಬರುವುದಿಲ್ಲ. ಆದರೆ ಆ ಜಾಗಕ್ಕೆ ಮರಜರಿ ಬರಬಹುದು. ಪೋರ್ಟೊರಿಕೊ ದ್ವೀಪದ ಲುಕಿಯೊ ಬೆಟ್ಟಗಳಲ್ಲಿ ಚಂಡಮಾರುತದ ಮಳೆಗೆ ಗುಡ್ಡ ಕುಸಿದ ಜಾಗಗಳನ್ನು ವಿಜ್ಞಾನಿಗಳು ವರ್ಷಗಟ್ಟಲೆ ಗಮನಿಸಿದ್ದಾರೆ. ಆ ಬರೀ ಮಣ್ಣಿಗೆ ಮೊದಮೊದಲು ಬರುವವುಗಳಲ್ಲಿ ಸಯಾಥಿಯಾ ಅರ್ಬೋರಿಯಾ ಎಂಬ ಮರಜರಿಯೂ ಒಂದು. ದರಗು ಇಲ್ಲದ ಹಸಿ ಮಣ್ಣು ಅದಕ್ಕೆ ಹೇಳಿ ಮಾಡಿಸಿದ ಜಾಗ.

ನಿಮ್ಮ ಧರೆಯಲ್ಲಿ ನೋಡಬೇಕಾದದ್ದು ಒಂದೇ. ಮಳೆ ನಿಂತ ಮೇಲೆ, ಜನವರಿಯ ಹೊತ್ತಿಗೆ, ಎಲ್ಲಾದರೂ ನೀರು ಜಿನುಗುತ್ತಿದೆಯೇ? ಜಿನುಗುವ ಕಡೆ ಮಣ್ಣಿನ ಮೇಲೆ ಹಸಿರು ಪಾಚಿ ಕಟ್ಟಿರುತ್ತದೆ. ಅಲ್ಲಿ ಕಲ್ಲು ಕಟ್ಟಲು, ಸಿಮೆಂಟ್ ಬಳಿಯಲು ಬಂದರೆ ಒಂದು ಮಾರು ಜಾಗ ಬಿಡಿ ಅಂತ ಕೇಳಿ. ಮೇಲಿನ ಕಾಡಿನ ಅಂಚಿನ ಮರಗಳನ್ನು ಕಡಿಯದಂತೆ ಊರವರೇ ಪಂಚಾಯಿತಿಗೆ ಬರೆದು ಕೊಡಿ. ಅಬ್ಬಿ ನೀರಿಗೆ ಅಲ್ಲೇ ಪೈಪ್ ಹಾಕುವುದಿದ್ದರೆ ಸ್ವಲ್ಪ ಕೆಳಗೆ ಹಾಕಿಕೊಳ್ಳಿ, ಜಿನುಗು ಹಾಗೇ ಇರಲಿ. ಪಾಚಿಯ ಮೇಲೆ ಉಗುರಿನ ಗಾತ್ರದ ಹಸಿರು ಪೊರೆಗಳು ಕಂಡರೆ ಮುಟ್ಟಬೇಡಿ. ಎಲ್ಲವೂ ಮರಜರಿಯದೇ ಅಂತಲ್ಲ, ಬೇರೆ ಜರಿಗಳದ್ದೂ ಇರುತ್ತವೆ. ಕಿರುಬೆರಳಿನಷ್ಟು ಸಸಿ ಆದ ಮೇಲೆ ಫೋಟೊ ತೆಗೆದು ಈ ಅಂಕಣಕ್ಕೆ ಕಳಿಸಿ. ಎಳೆಯ ದಂಟಿನ ಹೊಟ್ಟು ನೋಡಿ ಯಾವುದು ಅಂತ ಹೇಳುತ್ತೇನೆ. ನಿಮ್ಮ ತಂಗಿಗೂ ಹೇಳಿ.